ಹಳೇ ಹಾರ್ಡ್ ಡಿಸ್ಕಿನ ವಿಂಡೋಸನ್ನು ಇದ್ದ ಹಾಗೇ ಎಸ್‌ಎಸ್‌ಡಿಗೆ ಸಾಗಿಸೋದು ಹೇಗೆ? (ನುಡಿ, ಪೇಜ್‌ಮೇಕರ್ ಸಮೇತ)

ಕರೆಯೋಲೆ_ಸಾಗರ:

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇವೇ ಕೆಲಸ.

ಕಂಪ್ಯೂಟರ್ ಹಳೇದು. ನಾಲ್ಕನೇ ಜನರೇಷನ್ ಐ3, ಎಚ್81 ಮದರ್‌ಬೋರ್ಡು, 4 ಜಿಬಿ ರಾಮ್, 500 ಜಿಬಿ ಹಾರ್ಡ್ ಡಿಸ್ಕು, 32 ಬಿಟ್ಟಿನ ವಿಂಡೋಸ್ 10. ಬೆಳಿಗ್ಗೆ ಬಟನ್ ಒತ್ತಿ, ಅಂಗಡಿ ಗುಡಿಸಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ ಬಂದರೂ ಅದು ಇನ್ನೂ ಸುತ್ತುತ್ತಲೇ ಇರುತ್ತದೆ. ಟಾಸ್ಕ್ ಮ್ಯಾನೇಜರ್ ತೆಗೆದರೆ ಡಿಸ್ಕ್ ಯಾವಾಗಲೂ 100%. ಹೋದ ವಾರದಿಂದ ಒಳಗಿಂದ ಟಕ್, ಟಕ್ ಅಂತ ಸದ್ದು ಬೇರೆ.

480 ಜಿಬಿಯ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಜಾಗಕ್ಕೆ ಹಾಕೋ, ಅದಕ್ಕಿಂತ ವೇಗದ ಡಿಸ್ಕು) ತಂದಿಟ್ಟಿದ್ದೇನೆ. ಪರಿಚಯದ ಹುಡುಗನೊಬ್ಬ ಬಂದು ನೋಡಿ, "ಎಲ್ಲಾ ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕಿಬಿಡೋಣ ಆಂಟಿ, ಒಂದು ಗಂಟೆ ಕೆಲಸ" ಅಂದ. ನಾನು ಒಪ್ಪಲಿಲ್ಲ. ಪುಟ ಜೋಡಿಸೋ ಪೇಜ್‌ಮೇಕರ್ 7ರ ಸಿಡಿ ಗೀರು ಬಿದ್ದು ಹಾಳಾಗಿದೆ. ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರಿನ ಹಳೇ ಆವೃತ್ತಿ, ಅದರ ಫಾಂಟುಗಳು ಇದರಲ್ಲಿ ಸರಿಯಾಗಿ ಕೂತಿವೆ. ನನ್ನ ಹಳೇ ಫೈಲುಗಳೆಲ್ಲ ಯೂನಿಕೋಡ್ ಅಲ್ಲ, ಆಸ್ಕಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ "ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ" ಅನ್ನೋದು ಇಂಗ್ಲಿಷ್ ಅಕ್ಷರಗಳ ಗೊಜ್ಜಾಗಿ ಕಾಣುತ್ತದೆ. ಬಟರ್ ಪೇಪರ್ ತೆಗೆಯುವ ಹಳೇ ಲೇಸರ್ ಪ್ರಿಂಟರಿನ ಡ್ರೈವರ್ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಇದೆಲ್ಲ ಒಂದು ಗಂಟೆಯ ಕೆಲಸ ಅಲ್ಲ.

ಹಾಗಾಗಿ ಮಗಳನ್ನು ಫೋನಿನಲ್ಲಿ ಇಟ್ಟುಕೊಂಡು ನಾನೇ ಕ್ಲೋನ್‌ಜಿಲ್ಲಾ (ಒಂದು ಡಿಸ್ಕನ್ನು ಇದ್ದ ಹಾಗೇ ಇನ್ನೊಂದಕ್ಕೆ ನಕಲು, ಅಂದರೆ ಕ್ಲೋನ್ ಮಾಡೋ ಸಾಫ್ಟ್‌ವೇರ್) ಪೆನ್‌ಡ್ರೈವ್ ಮಾಡಿ ನೋಡಿದೆ. ಹೊಸ ಡಿಸ್ಕು ಚಿಕ್ಕದು, ಆಗಲ್ಲ ಅಂತ ನಿಂತುಬಿಟ್ಟಿತು. ಸಿ ಡ್ರೈವಿನಲ್ಲಿ 90 ಜಿಬಿ, ಡಿ ಡ್ರೈವಿನಲ್ಲಿ 120 ಜಿಬಿ ಇದೆ ಅಷ್ಟೇ. 210 ಜಿಬಿ ಸಾಮಾನಿಗೆ 480 ಜಿಬಿ ಯಾಕೆ ಸಾಲದು? ಇನ್ನು ಹದಿನೈದು ದಿನದಲ್ಲಿ ಮದುವೆ ಸೀಸನ್ ಶುರು. ಯಾರಾದರೂ ದಾರಿ ಹೇಳಿ.

ಬೂಟ್‌ಮ್ಯಾನ್:

ಸರ್, ಕ್ಲೋನ್ ಮಾಡಿದರೆ ಹಳೇ ಕಸವೂ ಜೊತೆಗೆ ಬರುತ್ತೆ. ಫ್ರೆಶ್ ಇನ್‌ಸ್ಟಾಲ್ ಬೆಸ್ಟ್. ಅದೂ ಅಲ್ಲದೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನಾಲ್ಕನೇ ಜನರೇಷನ್‌ಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ. ಹೊಸ ಸಿಸ್ಟಮ್ ತಗೊಳ್ಳಿ, ತಲೆನೋವು ಮುಗೀತು.

ಸೋಲ್ಡರ್_ಹುಬ್ಬಳ್ಳಿ:

ಮೇಲಿನವರು ಸರ್ ಅಂದಿದ್ದಾರೆ. "ಆಂಟಿ" ಅನ್ನೋದು ಅವರ ಕಣ್ಣಿಗೆ ಬಿದ್ದಿಲ್ಲ. ಮೇಡಂ, ನಾನು ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟವನು. ಪ್ರೆಸ್ಸಿನವರ, ಡಿಟಿಪಿಯವರ ಕಂಪ್ಯೂಟರ್ ಬಂದರೆ ನಾನು ಫಾರ್ಮ್ಯಾಟ್ ಅನ್ನೋ ಮಾತನ್ನೇ ಎತ್ತಲ್ಲ. ನೀವು ಹೇಳಿದ್ದು ಸರಿ ಇದೆ.

ಆದರೆ ಮೊದಲು ಆ ಟಕ್ ಟಕ್ ವಿಚಾರ. ಅದು ಒಳ್ಳೇ ಸದ್ದಲ್ಲ. ಇವತ್ತೇ, ಬೇರೆ ಏನೂ ಮಾಡೋ ಮೊದಲು, ಡಿ ಡ್ರೈವಿನ ನಿಮ್ಮ ಕೆಲಸದ ಫೈಲುಗಳನ್ನೂ ಫಾಂಟುಗಳನ್ನೂ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಸುಮ್ನೆ ಕಾಪಿ ಮಾಡಿ. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಡಿಸ್ಕಿನ ಆರೋಗ್ಯ ತೋರಿಸೋ ಉಚಿತ ಸಾಫ್ಟ್‌ವೇರ್ ಇದೆ, ಅದನ್ನು ಹಾಕಿ. ಕೆಟ್ಟ ಜಾಗಗಳ ಲೆಕ್ಕ ಇರೋ 05, ಸಿ5, ಸಿ6 ಅನ್ನೋ ಮೂರು ಸಾಲು ನೋಡಿ ಇಲ್ಲಿ ಬರೆಯಿರಿ. ಚೆಕ್‌ಡಿಸ್ಕ್ ಓಡಿಸಿ ಅಂತ ಯಾರಾದರೂ ಹೇಳಿದರೆ ಈಗ ಬೇಡ. ಸಾಯೋ ಡಿಸ್ಕನ್ನು ಮೂಲೆಮೂಲೆಯೂ ತಡಕಿಸಿದರೆ ಕಾಪಿ ಆಗೋ ಮೊದಲೇ ಕೈ ಕೊಡಬಹುದು.

ಇನ್ನು ಯಾಕೆ ಸಾಲದು ಅನ್ನೋದು. ಕ್ಲೋನ್‌ಜಿಲ್ಲಾ ನಿಮ್ಮ ಡೇಟಾ ಎಷ್ಟಿದೆ ಅಂತ ನೋಡಿ ತೀರ್ಮಾನ ಮಾಡಲ್ಲ, ಪಾರ್ಟಿಷನ್ (ಸಿ, ಡಿ ಅಂತ ಡಿಸ್ಕಿನಲ್ಲಿ ಮಾಡಿರೋ ಭಾಗ) ಎಷ್ಟು ದೊಡ್ಡದು ಅಂತ ನೋಡುತ್ತೆ. ಬೀರುವಿನೊಳಗೆ ಎರಡೇ ಸೀರೆ ಇದ್ದರೂ ಬೀರು ಹೊಸ ಮನೆ ಬಾಗಿಲಲ್ಲಿ ಹಿಡಿಯಬೇಕಲ್ವಾ? ವಿಂಡೋಸ್ ಲೆಕ್ಕದಲ್ಲಿ ನಿಮ್ಮ 500 ಜಿಬಿ ಅಂದರೆ 465.76. ಹೊಸ 480 ಅಂದರೆ 447.13. ಕಂಪನಿಯವರು ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕುತ್ತೆ. ಏನೇ ಆಗಲಿ, ಹತ್ತೊಂಬತ್ತು ಜಿಬಿಯಷ್ಟು ಬೀರು ಹೊರಗೆ ಉಳಿಯುತ್ತೆ.

ಪರಿಹಾರ ಸುಲಭ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ಕೊನೆಯಲ್ಲಿರೋ ಪಾರ್ಟಿಷನ್, ಅಂದರೆ ನಿಮ್ಮ ಡಿ ಡ್ರೈವ್, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ಕೊಡಿ. 25 ಜಿಬಿ ಕಡಿಮೆ ಮಾಡಿದರೆ ಸಾಕು. ಖಾಲಿ ಜಾಗ ಡಿಸ್ಕಿನ ಬಾಲದಲ್ಲೇ ಇರಬೇಕು, ನಡುವೆ ಇದ್ದರೆ ಪ್ರಯೋಜನ ಇಲ್ಲ.

ಎಸ್‌ಎಸ್‌ಡಿಯನ್ನು ಯುಎಸ್‌ಬಿ ವೈರಿನಲ್ಲಿ ಹಾಕಬೇಡಿ. ಡೆಸ್ಕ್‌ಟಾಪ್ ತಾನೇ? ಸೈಡಿನ ಕವರ್ ಬಿಚ್ಚಿ. ಡಿವಿಡಿ ರೈಟರಿಗೆ ಎರಡು ವೈರ್ ಹೋಗಿರುತ್ತೆ, ಒಂದು ಅಗಲದ್ದು ಪವರಿಗೆ, ಒಂದು ಸಣ್ಣದು ಡೇಟಾಗೆ. ಆ ಎರಡನ್ನೂ ಕಿತ್ತು ಎಸ್‌ಎಸ್‌ಡಿಗೆ ಚುಚ್ಚಿ. ಆಮೇಲೆ ಎಲ್ಲಾ ಸರಿಹೋದ ಮೇಲೆ ಎಸ್‌ಎಸ್‌ಡಿಯನ್ನು ವೇಗದ ಪೋರ್ಟಿಗೆ ಬದಲಾಯಿಸಿಕೊಳ್ಳಿ. ಎಚ್81ರಲ್ಲಿ ಎರಡು ಸಾಟಾ ಪೋರ್ಟು (ಡಿಸ್ಕಿನ ಡೇಟಾ ವೈರ್ ಚುಚ್ಚೋ ಜಾಗ) 6 ಗಿಗಾಬಿಟ್, ಎರಡು 3 ಗಿಗಾಬಿಟ್. ಬೋರ್ಡಿನ ಮೇಲೆ ಪೋರ್ಟಿನ ಪಕ್ಕದಲ್ಲೇ ಬರೆದಿರುತ್ತೆ, ಟಾರ್ಚ್ ಹಾಕಿ ನೋಡಿ.

ಮುಖ್ಯವಾದ ಒಂದು ಮಾತು. ಯಾವುದರಿಂದ ಯಾವುದಕ್ಕೆ ಅಂತ ಕೇಳುವಾಗ ಸ್ಕ್ರೀನಿನಲ್ಲಿ 500 ಮತ್ತು 480 ಅಕ್ಕಪಕ್ಕ ಕಾಣುತ್ತೆ. ಆತುರದಲ್ಲಿ ತಿರುಗಾಮುರುಗಾ ಮಾಡಿದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಕೂರುತ್ತೆ. ನನ್ನ ಕೈಯಲ್ಲೇ ಒಮ್ಮೆ ಆಗಿದೆ, ಆ ಗಿರಾಕಿ ಇವತ್ತಿಗೂ ನನ್ನ ಅಂಗಡಿ ಮೆಟ್ಟಿಲು ಹತ್ತಲ್ಲ.

ವಿಂಡೋಸ್ ಆಕ್ಟಿವೇಷನ್ ಬಗ್ಗೆ ಚಿಂತೆ ಬೇಡ. ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ, ಡಿಸ್ಕ್ ಬದಲಾದರೆ ಏನೂ ಆಗಲ್ಲ.

ಪೆಂಗ್ವಿನ್‌ಪ್ರಿಯ:

ಸೋಲ್ಡರ್ ಅವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಶ್ರಿಂಕ್ ಮಾಡಿದರೂ ಕ್ಲೋನ್‌ಜಿಲ್ಲಾ ಹೊಸ ಡಿಸ್ಕು ಚಿಕ್ಕದು ಅಂತ ಮತ್ತೆ ಹಟ ಮಾಡುತ್ತೆ. ಬಿಗಿನರ್ ಬದಲು ಎಕ್ಸ್‌ಪರ್ಟ್ ಮೋಡ್ ಆರಿಸಿ, ಆಯ್ಕೆಗಳ ಪಟ್ಟಿಯಲ್ಲಿ ಐಸಿಡಿಎಸ್ (-icds) ಅನ್ನೋದಕ್ಕೆ ಸ್ಪೇಸ್ ಬಾರ್ ಒತ್ತಿ ಗುರುತು ಹಾಕಿ. ಡಿಸ್ಕಿನ ಅಳತೆ ಪರೀಕ್ಷೆ ಬಿಟ್ಟುಬಿಡು ಅಂತ ಅದರ ಅರ್ಥ. ಅಲ್ಲೇ ರೆಸ್ಕ್ಯೂ ಅಂತ ಇನ್ನೊಂದು ಇರುತ್ತೆ. ಓದೋಕೆ ಬಾರದ ಸೆಕ್ಟರ್ (ಡಿಸ್ಕಿನ ಒಂದು ಚಿಕ್ಕ ತುಂಡು) ಸಿಕ್ಕಿದರೆ ನಿಲ್ಲದೆ ಮುಂದಕ್ಕೆ ಹೋಗುತ್ತೆ. ನಿಮಗೆ ಎರಡೂ ಬೇಕು.

ಡಿಸ್ಕು ತೀರಾ ಕೆಟ್ಟಿದ್ದರೆ ಕ್ಲೋನ್‌ಜಿಲ್ಲಾ ಬಿಟ್ಟು ಜಿಎನ್‌ಯು ಡಿಡಿರೆಸ್ಕ್ಯೂ ಕಡೆ ಹೋಗಬೇಕು. ಅದು ಚೆನ್ನಾಗಿರೋ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟಿದ್ದಕ್ಕೆ ಆಮೇಲೆ ವಾಪಸ್ ಬರುತ್ತೆ. ಎಲ್ಲಿಯವರೆಗೆ ಆಗಿದೆ ಅಂತ ಬರೆದಿಟ್ಟುಕೊಳ್ಳೋದರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು.

ಕರೆಯೋಲೆ_ಸಾಗರ:

ಎಲ್ಲರಿಗೂ ಥ್ಯಾಂಕ್ಸ್. ಬೂಟ್‌ಮ್ಯಾನ್ ಅವರೇ, ಈ ಕಂಪ್ಯೂಟರಿಗೆ ಇಂಟರ್ನೆಟ್ಟೇ ಕೊಟ್ಟಿಲ್ಲ. ವಾಟ್ಸಾಪಿನಲ್ಲಿ ಬರೋ ಮ್ಯಾಟರೆಲ್ಲ ಪಕ್ಕದ ಲ್ಯಾಪ್‌ಟಾಪಿಗೆ. ಹೊಸದಕ್ಕೆ ದುಡ್ಡು ಸೀಸನ್ ಮುಗಿದ ಮೇಲೆ ನೋಡೋಣ.

ಫೈಲು ಕಾಪಿ ಆಯಿತು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಳದಿ ಬಣ್ಣ ತೋರಿಸುತ್ತಿದೆ. 05ರ ಮುಂದೆ ಸೊನ್ನೆ. ಸಿ5ರ ಮುಂದೆ ಉದ್ದಕ್ಕೆ ಸೊನ್ನೆಗಳು, ಕೊನೆಗೆ 18. ಸಿ6 ಸೊನ್ನೆ. 18 ಅಂದರೆ ಜಾಸ್ತಿನಾ?

ಇನ್ನೊಂದು ತೊಡಕು. ಡಿ ಡ್ರೈವಿನಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ. ಆದರೆ ಶ್ರಿಂಕ್ ಕೊಟ್ಟರೆ 9 ಜಿಬಿ ಮಾತ್ರ ಬಿಡುತ್ತೇನೆ ಅನ್ನುತ್ತದೆ.

ಸೋಲ್ಡರ್_ಹುಬ್ಬಳ್ಳಿ:

ಅದು 18 ಅಲ್ಲ ಮೇಡಂ, 24. ಆ ಸಾಫ್ಟ್‌ವೇರ್ ಹೆಕ್ಸ್, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತೆ, 18 ಅಂದರೆ ಒಂದು ಹದಿನಾರು, ಅದರ ಮೇಲೆ ಎಂಟು. 24 ಸೆಕ್ಟರ್ ಓದೋಕೆ ಆಗದೆ ಕಾಯುತ್ತಾ ಕೂತಿವೆ ಅಂತ ಅರ್ಥ. ಇನ್ನೂ ಗಾಬರಿ ಆಗೋ ಮಟ್ಟ ಅಲ್ಲ, ಆದರೆ ಮುಂದಿನ ವಾರ ಮಾಡೋಣ ಅನ್ನೋ ಮಟ್ಟವೂ ಅಲ್ಲ. ರೆಸ್ಕ್ಯೂ ಹಾಕಿ ಈ ಭಾನುವಾರವೇ ಮುಗಿಸಿ.

9 ಜಿಬಿ ವಿಚಾರ: ಅಲ್ಲಾಡಿಸೋಕೆ ಬಾರದ ಫೈಲೊಂದು ಬಾಲದ ಕಡೆ ಕೂತಿದೆ. ಯಾರೋ ಹಿಂದೆ ಪೇಜ್ ಫೈಲನ್ನು (ರಾಮ್ ಸಾಲದಾಗ ವಿಂಡೋಸ್ ಬಳಸೋ ಫೈಲು) ಡಿಗೆ ಹಾಕಿರಬೇಕು. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ವರ್ಚುವಲ್ ಮೆಮೊರಿ ನೋಡಿ, ಸಿಗೆ ತಂದು ರೀಸ್ಟಾರ್ಟ್ ಮಾಡಿ. ಕ್ಲೋನ್ ಮಾಡೋ ಮುಂಚೆ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಇಲ್ಲದಿದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತೆ.

ಮತ್ತೆ, ಕ್ಲೋನ್ ಆದ ತಕ್ಷಣ ಹಳೇ ಡಿಸ್ಕಿನ ವೈರ್ ಕಿತ್ತುಬಿಡಿ. ಎರಡೂ ಒಟ್ಟಿಗೆ ಇಟ್ಟು ಸ್ಟಾರ್ಟ್ ಮಾಡಬೇಡಿ.

ಕರೆಯೋಲೆ_ಸಾಗರ:

ಆಯಿತು! ಆದರೆ ಹೇಗಾಯಿತು ಅಂತ ಬರೆಯಲೇಬೇಕು. ಸ್ವಲ್ಪ ನಾಚಿಕೆ ಕಥೆ.

ಪೇಜ್ ಫೈಲ್ ಡಿಯಲ್ಲೇ ಇತ್ತು. ಅದನ್ನು ಸಿಗೆ ತಂದ ಮೇಲೆ 25 ಜಿಬಿ ಕೊಟ್ಟಿತು. ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಡಿಸ್ಕುಗಳ ಮೇಲೆ ಮಾರ್ಕರಿನಲ್ಲಿ "ಹಳೇದು", "ಹೊಸದು" ಅಂತ ಬರೆದೆ. ಸ್ಕ್ರೀನಿನಲ್ಲಿ ಹಾಗೆ ಬರೆದಿರಲ್ಲ ಅಂತ ಆಮೇಲೆ ಹೊಳೆದು, ಸ್ಟಿಕರಿನಲ್ಲಿದ್ದ ಮಾಡೆಲ್ ನಂಬರನ್ನು ಕಾರ್ಡಿನ ಹಿಂಬದಿಗೆ ಬರೆದುಕೊಂಡು ಒಂದೊಂದೇ ಅಕ್ಷರ ಹೋಲಿಸಿದೆ. ಪ್ರೂಫ್ ನೋಡಿ ಅಭ್ಯಾಸ ಇದೆಯಲ್ಲ. ಕ್ಲೋನ್‌ಜಿಲ್ಲಾ ಖಂಡಿತಾನಾ ಅಂತ ಎರಡು ಸಲ ಕೇಳಿತು, ಎರಡು ಸಲವೂ ಕೈ ನಡುಗಿತು.

ಸಿ ಡ್ರೈವ್ ಚಕಚಕ ಹೋಯಿತು. ಡಿ ಡ್ರೈವಿನಲ್ಲಿ 61%ಗೆ ಬಂದು ನಿಂತಿತು. ಟಕ್ ಟಕ್ ಟಕ್. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ನಡುವೆ ಕರೆಂಟ್ ಹೋಗಿ ಯುಪಿಎಸ್ ಕೂಗೋಕೆ ಶುರು. ಹೋದದ್ದು ಎರಡೇ ನಿಮಿಷ, ಆದರೆ ಆ ಎರಡು ನಿಮಿಷ ಎಷ್ಟು ಉದ್ದ ಇತ್ತು ಅಂತ ನನಗೇ ಗೊತ್ತು. ಆಮೇಲೆ ಅದಾಗಿಯೇ 62 ಆಯಿತು, ಮತ್ತೆ ಎಲ್ಲೂ ನಿಲ್ಲಲಿಲ್ಲ. ಎಲ್ಲಾ ಸೇರಿ ಎರಡು ಗಂಟೆ.

ಈಗ ನಾಚಿಕೆ ಭಾಗ. ಕ್ಲೋನ್ ಮುಗಿದಾಗ ಮನೆಯಿಂದ ಊಟಕ್ಕೆ ಫೋನ್ ಬಂತು. ಹಳೇ ಡಿಸ್ಕಿನ ವೈರ್ ಕೀಳೋದು ಮರೆತೇಹೋಯಿತು. ಸೋಮವಾರ ಬೆಳಿಗ್ಗೆ ಆನ್ ಮಾಡಿದೆ. ಕಸ ಗುಡಿಸಿದೆ, ಊದಿನಕಡ್ಡಿ ಹಚ್ಚಿದೆ. ಇನ್ನೂ ಸುತ್ತುತ್ತಾ ಇದೆ! ಎಸ್‌ಎಸ್‌ಡಿ ಅನ್ನೋದು ಸುಳ್ಳೇ ಹಬ್ಬಿಸಿದ್ದಾರೆ ಅಂತ ಬೈದುಕೊಂಡೇ ಮಧ್ಯಾಹ್ನದವರೆಗೆ ಕೆಲಸ ಮಾಡಿದೆ. ಒಂದು ನಾಮಕರಣದ ಕಾರ್ಡು, ಒಂದು ಸೊಸೈಟಿಯ ನೋಟಿಸು. ಊಟದ ಹೊತ್ತಿಗೆ ಅಂಗಡಿ ನಿಶ್ಶಬ್ದ ಆದಾಗ ಕೇಳಿಸಿತು: ಟಕ್, ಟಕ್. ಎಸ್‌ಎಸ್‌ಡಿಯೊಳಗೆ ತಿರುಗೋದು ಏನೂ ಇಲ್ಲ ಅಂತ ಮಗಳು ಹೇಳಿದ್ದಳು. ಹಾಗಿದ್ದರೆ ಈ ಟಕ್ ಅನ್ನೋದು ಯಾರು?

ಇಡೀ ಬೆಳಿಗ್ಗೆ ಹಳೇ ಡಿಸ್ಕಿನಿಂದಲೇ ಕೆಲಸ ಮಾಡಿದ್ದೇನೆ. ಹೊಸದು ಪಕ್ಕದಲ್ಲಿ ಸುಮ್ನೆ ಕೂತಿತ್ತು.

ವೈರ್ ಕಿತ್ತು ಆನ್ ಮಾಡಿದೆ. ಪೊರಕೆ ಕೈಗೆ ತೆಗೆದುಕೊಳ್ಳೋ ಮೊದಲೇ ಡೆಸ್ಕ್‌ಟಾಪ್ ಬಂತು. ಪೇಜ್‌ಮೇಕರ್ ತೆಗೆದೆ, ಹಳೇ ಮದುವೆ ಕಾರ್ಡೊಂದನ್ನು ತೆರೆದೆ. ಒತ್ತಕ್ಷರ ಕೂಡ ಅಲುಗಾಡಿಲ್ಲ. ಪ್ರಿಂಟರೂ ಏನೂ ಕೇಳದೆ ಬಟರ್ ಪೇಪರ್ ಹೊರಗೆ ಹಾಕಿತು.

ನಾಮಕರಣದ ಕಾರ್ಡು ಮಾತ್ರ ಇದರಲ್ಲಿ ಇರಲಿಲ್ಲ, ಇರೋದು ಹೇಗೆ? ಸಂಜೆ ಅವರು ಪ್ರೂಫ್ ನೋಡೋಕೆ ಬರೋರಿದ್ದರು. ಹುಡುಗನ ಹತ್ತಿರ ಯುಎಸ್‌ಬಿ ವೈರ್ ಇಸಿದುಕೊಂಡು ಹಳೇ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿ ತೆಗೆದುಕೊಂಡೆ. ಫಾರ್ಮ್ಯಾಟ್ ಅಂದವನೇ ಕೊಟ್ಟದ್ದು, ನಗುತ್ತಾ ಕೊಟ್ಟ.

61%ರಲ್ಲಿ ಹೋದದ್ದು ಏನು ಅಂತಲೂ ಗೊತ್ತಾಯಿತು. ಯಾವುದೋ ಕಾಲದ ಒಂದು ಯಕ್ಷಗಾನ ಹ್ಯಾಂಡ್‌ಬಿಲ್ಲಿನ ಫೋಟೋ, ಕೆಳಗಿನ ಅರ್ಧ ಬೂದು ಬಣ್ಣ ಬರುತ್ತಿದೆ. ಕಿರೀಟ ಇದೆ, ಮುಖ ಇಲ್ಲ. ಅದರ ಪ್ರಿಂಟು ಆಲ್ಬಮಿನಲ್ಲಿ ಇದೆ, ಸ್ಕ್ಯಾನ್ ಮಾಡಿಕೊಳ್ಳುತ್ತೇನೆ.

ಹಳೇ ಡಿಸ್ಕನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದಾ?

ಸೋಲ್ಡರ್_ಹುಬ್ಬಳ್ಳಿ:

ಬೇಡವೇ ಬೇಡ. ಫಾರ್ಮ್ಯಾಟ್ ಮಾಡದೆ ಎರಡು ತಿಂಗಳು ಡ್ರಾಯರಿನಲ್ಲಿ ಇಡಿ. ಇನ್ನೇನಾದರೂ ಬಿಟ್ಟುಹೋಗಿದ್ದು ಸೀಸನ್ ನಡುವೆ ನೆನಪಾಗುತ್ತೆ. ಬ್ಯಾಕಪ್‌ಗೆ ಆ ಎಕ್ಸ್‌ಟರ್ನಲ್ ಇದೆಯಲ್ಲ, ಅದನ್ನೇ ವಾರಕ್ಕೊಮ್ಮೆ ಬಳಸಿ. ಮತ್ತೆ ಡಿವಿಡಿ ರೈಟರಿನ ವೈರ್ ವಾಪಸ್ ಹಾಕಿದಿರಾ?

ಕರೆಯೋಲೆ_ಸಾಗರ:

ಇಲ್ಲ! ಈಗ ಹಾಕುತ್ತೇನೆ. ಎಸ್‌ಎಸ್‌ಡಿಯನ್ನೂ ಆಗಲೇ 6 ಗಿಗಾಬಿಟ್ ಪೋರ್ಟಿಗೆ ಸೇರಿಸುತ್ತೇನೆ, ಟಾರ್ಚ್ ರೆಡಿ ಇದೆ.