ಅಪ್‌ಡೇಟ್: ಏಂಜೆಲ್ ಮೀನಿನ ರೆಕ್ಕೆಯ ಮೇಲಿನ ಗಂಟು

ನನ್ನ ಏಂಜೆಲ್ ಮೀನಿನ ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂತಹ ಬಿಳಿ ಗಂಟು ಬೆಳೆದಿದೆ, ಅದನ್ನು ಕತ್ತರಿಸಬೇಕೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಪಶುವೈದ್ಯರು ಗಂಟಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ವಿಪರೀತ ಉಬ್ಬಿದ ಜೀವಕೋಶಗಳು ಕಂಡದ್ದರಿಂದ, ಇದು ಕ್ಯಾನ್ಸರ್ ಅಲ್ಲ, ಲಿಂಫೋಸಿಸ್ಟಿಸ್ ಎಂಬ ವೈರಸ್ ರೋಗ ಎಂದು ತಿಳಿಸಿದರು. ಇದಕ್ಕೆ ಔಷಧವಿಲ್ಲ, ಆದರೆ ನೀರು ಚೆನ್ನಾಗಿದ್ದು ಮೀನಿನ ಮೇಲಿನ ಒತ್ತಡ ತಗ್ಗಿದರೆ ಗಂಟು ಸಾಮಾನ್ಯವಾಗಿ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿಯೇ ಕರಗುತ್ತದೆ. ಬಿಳಿಚುಕ್ಕೆ ರೋಗವೆಂದು ಭಾವಿಸಿ ನಾನು ಮೊದಲು ಸುರಿದ ಔಷಧಿಯೆಲ್ಲ ವ್ಯರ್ಥವಾಗಿತ್ತು (ಆ ಅವಸರಕ್ಕೆ ಈಗಲೂ ನಾಚಿಕೆಯಾಗುತ್ತದೆ). ರೆಕ್ಕೆ ಕಚ್ಚುತ್ತಿದ್ದ ಟೈಗರ್ ಬಾರ್ಬ್ ಮೀನುಗಳನ್ನು ಬೇರೆ ತೊಟ್ಟಿಗೆ ಬಿಟ್ಟು, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತ, ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ 0 ಇರುವಂತೆ ನೋಡಿಕೊಂಡೆ. ಗಂಟು ಈಗ ಸಾಸಿವೆ ಕಾಳಿನಷ್ಟಾಗಿದೆ.