ಟ್ರಾನ್ಸ್‌ಫಾರ್ಮರ್ ಕೂತಿರುವ ಫುಟ್‌ಪಾತನ್ನು ಮ್ಯಾಪಿಗೆ ಹೇಗೆ ಹಾಕುವುದು?

ಸಂಪಿಗೆಮರ:
ಎರಡು ವಾರದಿಂದ ಬೆಳಗ್ಗೆ ವಾಕಿಂಗ್ ಹೋಗುವಾಗ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಹಿಡಿದುಕೊಂಡು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಯಾರು ಬೇಕಾದರೂ ತಿದ್ದಬಹುದಾದ ಪುಕ್ಕಟೆ ಮ್ಯಾಪ್) ಒಂದೊಂದೇ ವಿಷಯ ಸೇರಿಸುತ್ತಿದ್ದೇನೆ. ಮಲ್ಲೇಶ್ವರದಲ್ಲಿ, ಮಾರ್ಗೋಸಾ ರಸ್ತೆಗೆ ಸೇರುವ ಕ್ರಾಸ್‌ಗಳು. ಬೀದಿದೀಪ ಇದೆಯಾ, ರಸ್ತೆ ಡಾಂಬರಾ ಕಾಂಕ್ರೀಟಾ, ಬೆಂಚಿಗೆ ಒರಗು ಇದೆಯಾ ಅಂತ ಕೇಳುತ್ತದೆ, ನೋಡಿ ಒತ್ತುವುದು ಅಷ್ಟೆ. ಮಜಾ ಇದೆ.

ಸಿಕ್ಕಿಹಾಕಿಕೊಂಡಿದ್ದು ಒಂದೇ ಪ್ರಶ್ನೆಗೆ. ಈ ರಸ್ತೆಗೆ ಫುಟ್‌ಪಾತ್ ಇದೆಯಾ? ಇದೆ ಅಂದರೆ ಇದೆ. ಆದರೆ ಹತ್ತು ಹೆಜ್ಜೆಗೊಂದು ಚಪ್ಪಡಿ ಎದ್ದಿದೆ, ಮುಂದೆ ಬೇಲಿ ಹಾಕಿದ ಟ್ರಾನ್ಸ್‌ಫಾರ್ಮರ್, ಅದನ್ನು ಸುತ್ತಿಕೊಂಡು ಹೋದರೆ ಯಾರದೋ ಮನೆಯ ರ‍್ಯಾಂಪ್ ಮೇಲೆ ಎರಡು ಸ್ಕೂಟರ್. ನನ್ನ ಜೊತೆ ಬರುವ ಅಮ್ಮ ಅದರ ಮೇಲೆ ಹತ್ತುವುದೇ ಇಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. "ಇಲ್ಲ" ಅಂತ ಒತ್ತಬಹುದಾ? ಇನ್ನೊಂದು, ಇಲ್ಲಿ ಮನೆಗಳ ಹಿಂದಿನ ಒಂದು ಕನ್ಸರ್ವೆನ್ಸಿ ಗಲ್ಲಿ ಮ್ಯಾಪಲ್ಲೇ ಇಲ್ಲ. ಗೂಗಲ್ ಮ್ಯಾಪ್ ನೋಡಿ ಎಳೆದುಬಿಡಲಾ?

ಕೆರೆದಂಡೆ:
ಎರಡನೆಯದಕ್ಕೆ ಮೊದಲು ಹೇಳುತ್ತೇನೆ: ಬೇಡ. ಗೂಗಲ್‌ನಿಂದ ಒಂದು ಗೆರೆ, ಒಂದು ಹೆಸರು ಕೂಡ ಎತ್ತಬಾರದು. ಬ್ರಿಟನ್‌ನಲ್ಲಿ ಸರ್ಕಾರದ ಮ್ಯಾಪ್ ಡೇಟಾ ಪುಕ್ಕಟೆ ಸಿಗುತ್ತಿರಲಿಲ್ಲ ಅಂತ ತಾನೇ 2004ರಲ್ಲಿ ಸ್ಟೀವ್ ಕೋಸ್ಟ್ ಓಪನ್‌ಸ್ಟ್ರೀಟ್‌ಮ್ಯಾಪ್ ಶುರು ಮಾಡಿದ್ದು, ಈಗ ಇನ್ನೊಬ್ಬರ ಮ್ಯಾಪ್ ಕದ್ದು ತುಂಬಿದರೆ ಏನರ್ಥ? ಆ ಗಲ್ಲಿಯಲ್ಲಿ ಒಮ್ಮೆ ನಡೆಯಿರಿ, ಫೋನಿನಲ್ಲಿ ಜಿಪಿಎಸ್ ಹಾದಿ ರೆಕಾರ್ಡ್ ಮಾಡಿ, ಮನೆಗೆ ಬಂದು ಓಪನ್‌ಸ್ಟ್ರೀಟ್‌ಮ್ಯಾಪ್ ಸೈಟಿನಲ್ಲೇ ಇರುವ ಐಡಿ ಎಡಿಟರ್‌ನಲ್ಲಿ ಅಲ್ಲೇ ಕೊಟ್ಟಿರುವ ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆಯಿರಿ. ಜಿಪಿಎಸ್ ಗೆರೆಯನ್ನು ಹಾಗೇ ನಂಬಬೇಡಿ. ಇಕ್ಕಟ್ಟಿನ ಗಲ್ಲಿಯಲ್ಲಿ ನನ್ನದು ಒಂದು ಸಲ ಎರಡು ಮನೆಯ ಅಡುಗೆಮನೆ ಹಾದು ಹೋಗಿತ್ತು!

ಫುಟ್‌ಪಾತಿಗೆ "ಇದೆ" ಅಂತಲೇ ಒತ್ತಿ. ಕಣ್ಣಿಗೆ ಕಂಡಿದ್ದನ್ನು ಹಾಕಬೇಕು, ಸಿಟ್ಟನ್ನಲ್ಲ.

ಅಡ್ಡರಸ್ತೆ:
ನಾನು ಒಪ್ಪುವುದಿಲ್ಲ. ನಮ್ಮಪ್ಪ ವೀಲ್‌ಚೇರಿನಲ್ಲಿ ಓಡಾಡುತ್ತಾರೆ. ಸುಮ್ನೆ "ಇದೆ" ಅಂತ ಒತ್ತಿ ಹೋದರೆ, ಅದನ್ನು ನಂಬಿ ದಾರಿ ತೋರಿಸುವ ಆ್ಯಪ್ ನಮ್ಮನ್ನು ಸೀದಾ ಆ ಟ್ರಾನ್ಸ್‌ಫಾರ್ಮರ್ ಬೇಲಿಗೆ ತಂದು ನಿಲ್ಲಿಸುತ್ತದೆ. ಪೂರ್ತಿ "ಇಲ್ಲ" ಅನ್ನುವುದೂ ಸುಳ್ಳೇ ಬಿಡಿ. ಉತ್ತರ ಕೊಡುವ ಕಡೆ ಇನ್ನೊಂದು ಬಟನ್ ಇದೆ ನೋಡಿ, ಒತ್ತಿದರೆ "ದಾರಿಯುದ್ದಕ್ಕೂ ಒಂದೇ ರೀತಿ ಇಲ್ಲ" ಅನ್ನುವ ಅರ್ಥದ ಆಯ್ಕೆ ಬರುತ್ತದೆ. ಅದನ್ನು ಆರಿಸಿದರೆ ರಸ್ತೆಯ ಗೆರೆಯನ್ನು ಬೇಕಾದ ಕಡೆ ತುಂಡು ಮಾಡಬಹುದು, ಆಮೇಲೆ ಪ್ರತಿ ತುಂಡಿಗೂ, ಎಡಕ್ಕೂ ಬಲಕ್ಕೂ, ಬೇರೆ ಬೇರೆ ಉತ್ತರ. ಚಪ್ಪಡಿಯೇ ಇಲ್ಲದ ಕಡೆ "ಇಲ್ಲ". ಇನ್ನೂ ತಾಳ್ಮೆ ಇದ್ದರೆ ಫುಟ್‌ಪಾತನ್ನೇ ಬೇರೆ ಗೆರೆಯಾಗಿ ಎಳೆದು ಅಗಲ, ಅಡ್ಡಿ ಎಲ್ಲ ಗುರುತು ಮಾಡಬಹುದು, ಆದರೆ ಅದು ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಸ್ಕೂಟರನ್ನು ಮಾತ್ರ ಹಾಕಬೇಡಿ, ಸಂಜೆಗೆ ಇರುವುದಿಲ್ಲ.

ಕೆರೆದಂಡೆ:
ಸರಿ, ತುಂಡು ಮಾಡುವುದು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಗೊಂದಲ ಇರುವ ಜಾಗದಲ್ಲಿ ಫೋಟೋ ಸೇರಿಸಿ ಒಂದು ಟಿಪ್ಪಣಿ ಹಾಕಿಬಿಡಿ, ಬೇರೆಯವರು ನೋಡಿ ಸರಿಮಾಡುತ್ತಾರೆ.

ಹುಣಸೆಬೀಜ:
ಐಫೋನ್ ಇರುವವರಿಗೆ ಸ್ಟ್ರೀಟ್‌ಕಂಪ್ಲೀಟ್ ಇಲ್ಲ, ಎವ್ರಿ ಡೋರ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಅಂಗಡಿ, ಬೆಂಚು, ನಲ್ಲಿ ಸೇರಿಸಲು ಅದೇ ಸಲೀಸು. ಕನ್ನಡ ಹೆಸರನ್ನೂ ಬೋರ್ಡ್ ನೋಡಿಯೇ ಬರೆಯಿರಿ ಪ್ಲೀಸ್, ಇಂಗ್ಲಿಷಿನಿಂದ ಊಹೆ ಮಾಡಿ ಬರೆದರೆ ಹಳ್ಳಿ ಹಲ್ಲಿ ಆಗುತ್ತದೆ.

ಸಂಪಿಗೆಮರ:
ಇವತ್ತು ಮಾಡಿದೆ. ಒಂದು ಕ್ರಾಸ್ ನಾಲ್ಕು ತುಂಡಾಯಿತು, ಎಡಬದಿ ಎರಡು ಕಡೆ "ಇಲ್ಲ". ಟ್ರಾನ್ಸ್‌ಫಾರ್ಮರ್ ಫೋಟೋ ತೆಗೆಯುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಗೇಟಿನ ಹತ್ತಿರ ಬಂದು "ಆಫೀಸಿಂದ ಬಂದಿದೀಯೇನಪ್ಪಾ?" ಅಂದರು. ಇಲ್ಲ ಅಜ್ಜಿ, ಸುಮ್ನೆ ಮ್ಯಾಪಿಗೆ ಹಾಕುತ್ತಿದ್ದೇನೆ ಅಂದೆ. "ಹಾಗಿದ್ರೆ ಈ ಚಪ್ಪಡೀನೂ ಹಾಕ್ಕೋ, ಹೋದ ವರ್ಷ ಇಲ್ಲೇ ಬಿದ್ದಿದ್ದೆ" ಅಂತ ಕೋಲಿನಿಂದ ತೋರಿಸಿದರು. ಅದನ್ನೂ ಟಿಪ್ಪಣಿಗೆ ಸೇರಿಸಿದ್ದೇನೆ.