ಓದುಗರ ಸ್ಪಂದನ: ಸಹಿ ಹಾಕಿದ ಮೇಲೂ ಆದೇಶ ಬದಲಾಗಬಹುದೇ?

ಪರಸ್ಪರ ಒಪ್ಪಿಗೆಯ ವಿಚ್ಛೇದನದ ವೇಳೆ ಮಗನನ್ನು ತಂದೆಯ ಸುಪರ್ದಿಗೆ ಒಪ್ಪಿಸಲು ನಾಲ್ಕು ವರ್ಷಗಳ ಹಿಂದೆ ಸಹಿ ಹಾಕಿದ್ದೀರಿ. 12 ವರ್ಷದ ಆ ಮಗ ರಜೆ ಮುಗಿದು ಹೊರಡುವ ದಿನ ಚೀಲಕ್ಕೆ ಬಟ್ಟೆ ತುಂಬಲು ಒಲ್ಲದೆ ಕೂತುಬಿಡುತ್ತಾನೆ ಎಂದು ಬರೆದಿದ್ದೀರಿ. ಮಗನ ಸುಪರ್ದಿ ಕೇಳಿ ಮತ್ತೆ ನ್ಯಾಯಾಲಯಕ್ಕೆ ಹೋದರೆ ಕೊಟ್ಟ ಮಾತಿಗೆ ತಪ್ಪಿದಂತಾಗದೇ ಎಂಬ ನಿಮ್ಮ ಅಳುಕು ಅರ್ಥವಾಗುತ್ತದೆ, ಆದರೆ ಕಾನೂನು ಹಾಗೆ ನೋಡುವುದಿಲ್ಲ. ಮಕ್ಕಳ ಸುಪರ್ದಿಯ ಆದೇಶಗಳು ಸ್ವಭಾವತಃ ತಾತ್ಕಾಲಿಕವೆಂದೂ, ಉಭಯತರ ಒಪ್ಪಿಗೆಯಿಂದ ಆದದ್ದಾದರೂ ಮಗುವಿನ ಹಿತ ಬೇಡಿದರೆ ಅವನ್ನು ಮಾರ್ಪಡಿಸಬಹುದೆಂದೂ ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ನಿಮ್ಮದು ಹಿಂದೂ ವಿವಾಹ ಕಾಯ್ದೆಯಡಿಯ ವಿಚ್ಛೇದನವಾಗಿದ್ದರೆ, ಅದರ 26ನೇ ಕಲಮು ಡಿಕ್ರಿಯ (ವಿಚ್ಛೇದನದ ಅಂತಿಮ ಆದೇಶದ) ನಂತರವೂ ಅರ್ಜಿ ಸಲ್ಲಿಸಲು ಅವಕಾಶ ಕೊಡುತ್ತದೆ, ಸಾಧ್ಯವಾದಲ್ಲೆಲ್ಲ ಮಕ್ಕಳ ಇಚ್ಛೆಗೆ ಅನುಗುಣವಾಗಿ ನಡೆಯಬೇಕೆಂದೂ ಹೇಳುತ್ತದೆ. ಆದರೆ ಮಗನ ಇಚ್ಛೆಯೊಂದೇ ತೀರ್ಪನ್ನು ನಿರ್ಧರಿಸುವುದಿಲ್ಲ. ಅವನ ಓದು, ಆರೋಗ್ಯ, ನಿಮ್ಮ ದುಡಿಮೆ, ಮನೆಯಲ್ಲಿ ನೋಡಿಕೊಳ್ಳುವವರು, ಇವುಗಳಲ್ಲಿ ಅಂದಿನಿಂದ ಇಂದಿಗೆ ಏನು ಬದಲಾಗಿದೆ ಎಂಬುದನ್ನು ಅರ್ಜಿಯಲ್ಲಿ ದಾಖಲೆಸಹಿತ ತೋರಿಸಿ. ಅಂದು ಕೈಯಲ್ಲಿ ಕೆಲಸವಿಲ್ಲದೆ ತೆಗೆದುಕೊಂಡ ನಿರ್ಧಾರ ಅಂದಿಗೆ ಸರಿಯೇ ಇತ್ತು, ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.
– ವಕೀಲ ವೃತ್ತಿಯ ಓದುಗರೊಬ್ಬರು

ನಾನು ಕಾನೂನು ಓದಿದವಳಲ್ಲ. ನನ್ನ ತಮ್ಮನ ವಿಷಯದಲ್ಲಿ ಕಂಡದ್ದನ್ನು ಹೇಳುತ್ತೇನೆ. ಪತ್ನಿಗೆ ತಿಂಗಳು ತಿಂಗಳು ಜೀವನಾಂಶ ಕೊಡಬೇಕೆಂಬ ಆದೇಶವಿದ್ದಾಗಲೇ ಅವನ ಕೆಲಸ ಹೋಯಿತು. ಸಂಪಾದನೆಯೇ ಇಲ್ಲದವನು ಎಲ್ಲಿಂದ ಕೊಡಲಿ ಎಂದುಕೊಂಡು ಏಳು ತಿಂಗಳು ಸುಮ್ಮನಿದ್ದ. ಬಾಕಿ ಬೆಳೆಯಿತು, ಕೊನೆಗೆ ವಾರಂಟ್ ಮನೆಬಾಗಿಲಿಗೆ ಬಂತು. ಪರಿಸ್ಥಿತಿ ಬದಲಾದರೆ ಮೊತ್ತ ಇಳಿಸುವಂತೆ ಕೋರುವ ದಾರಿ ಆಗಿನ ದಂಡಪ್ರಕ್ರಿಯಾ ಸಂಹಿತೆಯ 127ನೇ ಕಲಮಿನಲ್ಲಿತ್ತು (ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಕಲಮು). ಆ ಅರ್ಜಿಗೆ ಆಧಾರವಾಗಬೇಕಿದ್ದ, ಕೆಲಸದಿಂದ ತೆಗೆದ ಪತ್ರ ಅಷ್ಟೂ ತಿಂಗಳು ಬೀರುವಿನಲ್ಲಿ ಮಡಚಿದಂತೆಯೇ ಬಿದ್ದಿತ್ತು. ಅತ್ತ ಆ ಹೆಣ್ಣುಮಗಳು ಅಷ್ಟು ದಿನ ಹೇಗೆ ಮನೆ ನಡೆಸಿದಳೋ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆದ್ದರಿಂದ ಸೋದರಿ, ಮುಂದಿನ ರಜೆಯಲ್ಲಿ ಮಗ ಎಷ್ಟೇ ಅತ್ತರೂ ಅವನನ್ನು ನೀವಾಗಿಯೇ ಉಳಿಸಿಕೊಳ್ಳಬೇಡಿ. ಈಗಲೇ ಅರ್ಜಿ ಹಾಕಿ, ಹಾಕಿರುವುದನ್ನು ಅವನಿಗೂ ತಿಳಿಸಿ, ಹೊಸ ಆದೇಶ ಕೈಗೆ ಬರುವ ತನಕ ಹಳೆಯದರಂತೆಯೇ ಅವನ ಚೀಲವನ್ನು ನೀವೇ ಕಟ್ಟಿಕೊಡಿ.
– ಓದುಗರಾದ ಅಕ್ಕ